ಎಂಬತ್ತೊಂದು ಬಗೆಯ ಇಟ್ಟಿಗೆ

ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಇಟ್ಟಿಗೆಗಳ ಮೇಲೆ ಕೈಯಾಡಿಸುತ್ತಿದ್ದೆ. ಸಭೆಯ ಹಿರಿಯರೊಬ್ಬರು ಹತ್ತಿರ ಬಂದು, ‘ಎಣಿಸುತ್ತಿದ್ದೀರಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಹೌದು, ಎಣಿಸುತ್ತಿದ್ದೆ. ಮೂಲೆ ಚೂಪಾಗಿರುವುದು ಒಂದು, ಮೂಲೆ ಉರುಟಾಗಿರುವುದು ಇನ್ನೊಂದು, ಒಂದು ಬದಿ ಬಾಗಿದ್ದು, ಎರಡೂ ಬದಿ ಬಾಗಿದ್ದು, ಕಿಟಕಿಯ ಕೆಳಗೆ ಇಳಿಜಾರಾಗಿದ್ದು, ಕಮಾನಿನಲ್ಲಿ ಬೆಣೆಯಂತೆ ಕಿರಿದಾಗುತ್ತ ಹೋಗುವುದು. ಹದಿನೇಳರ ತನಕ ಬಂದು ಲೆಕ್ಕ ತಪ್ಪಿತ್ತು. ‘ಒಟ್ಟು ಎಂಬತ್ತೊಂದು ಬಗೆ,’ ಎಂದರು ಆ ಹಿರಿಯರು. ‘ನಿಧಾನಕ್ಕೆ ನೋಡಿ, ಪ್ರಾರ್ಥನೆಗೆ ಇನ್ನೂ ಸಮಯವಿದೆ.’

ಇದು ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರದಲ್ಲಿರುವ ಸೇಂಟ್ ಮೈಕಲ್ ಆ್ಯಂಡ್ ಆಲ್ ಏಂಜೆಲ್ಸ್ ಚರ್ಚು. ಜುಲೈ ತಿಂಗಳು. ಮಂಗಳೂರಿನಿಂದ ನಾವು ಎಂಟು ಮಂದಿ ತಿಂಗಳ ಮಟ್ಟಿಗೆ ಅಲ್ಲಿನ ಮಿಷನ್ ಆಸ್ಪತ್ರೆಯೊಂದರ ಸೇವೆಗೆ ಹೋಗಿದ್ದೆವು. ಆಫ್ರಿಕಾ ಎಂದರೆ ಸೆಕೆ ಅಂದುಕೊಂಡಿದ್ದ ನಮಗೆ ಎದುರಾದದ್ದು ‘ಚಿಪೆರೋನಿ’. ಮೊಜಾಂಬಿಕ್ ಕಡೆಯ ಬೆಟ್ಟದ ಹೆಸರು ಹೊತ್ತು ಬರುವ ಈ ಮಂಜು, ಜಿನುಗು ಮಳೆ ದಿನಗಟ್ಟಲೆ ಬಿಡುವುದಿಲ್ಲ. ಮಡಿಕೇರಿಯ ಆಟಿ ತಿಂಗಳು ನೆನಪಾಯಿತು. ಸ್ವೆಟರ್ ಹಾಕಿಕೊಂಡೇ ಮಲಗುತ್ತಿದ್ದೆವು.

ಈ ಇಟ್ಟಿಗೆಗಳ ವಿಷಯ ಇಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ನನ್ನ ಅಜ್ಜಿ ಜಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಶುರುಮಾಡಿದ, ಅಜ್ಜಿಯ ಕಾಲಕ್ಕೆ ‘ಕಾಮನ್‌ವೆಲ್ತ್’ ಆಗಿದ್ದ ಕಾರ್ಖಾನೆ. ಜೇಡಿಮಣ್ಣು ಹದವಾಗಿದೆಯೇ ಎಂದು ಅಜ್ಜಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ರೊಟ್ಟಿ ಹಿಟ್ಟನ್ನೂ ಹಾಗೆಯೇ ಒತ್ತುತ್ತಿದ್ದರು. ಹಂಚಿನಲ್ಲಿ ಒಂದು ಹಂಚು ಇನ್ನೊಂದರಂತೆಯೇ ಇರಬೇಕು, ಅದರ ಗೆಲುವೇ ಅದು. ಬ್ಲಾಂಟೈರಿನಲ್ಲಿ ನೋಡಿದ್ದು ಅದಕ್ಕೆ ತಿರುಗಾಮುರುಗಾ: ಗೋಡೆ ಎಲ್ಲೆಲ್ಲಿ ತಿರುಗಬೇಕೋ, ಬಾಗಬೇಕೋ, ಮೇಲೇರಬೇಕೋ ಅಲ್ಲಲ್ಲಿಗೆ ತಕ್ಕಂತೆ ಬೇರೆ ಬೇರೆ ಅಚ್ಚು. ಕಲ್ಲಿನಲ್ಲಾದರೆ ಉಳಿಯಿಂದ ಕೆತ್ತಿ ತೆಗೆಯಬಹುದು. ಇಲ್ಲಿ ಆಕಾರವೆಲ್ಲ ಹಸಿಮಣ್ಣಿನಲ್ಲೇ ತೀರ್ಮಾನವಾಗಬೇಕು. ಒಣಗುವಾಗ ಮಣ್ಣು ಕುಗ್ಗುತ್ತದೆ, ಬೇಯುವಾಗ ಮತ್ತೂ ಕುಗ್ಗುತ್ತದೆ. ಬಾಗಿದ ಇಟ್ಟಿಗೆ ಒಂದು ಬದಿಗೆ ಹೆಚ್ಚು ಕುಗ್ಗಿದರೆ ಕಂಬ ಸೊಟ್ಟ. ಎಂಬತ್ತೊಂದು ಅಚ್ಚುಗಳಲ್ಲೂ ಈ ಕುಗ್ಗುವಿಕೆಯನ್ನು ಮೊದಲೇ ಅಂದಾಜು ಮಾಡಬೇಕು. ಆ ಕಂಬದ ಸಂದುಗಳಲ್ಲಿ ನನ್ನ ಉಗುರು ಕೂಡ ಹೋಗಲಿಲ್ಲ.

ಕಟ್ಟಿಸಿದವರು ಡೇವಿಡ್ ಕ್ಲೆಮೆಂಟ್ ಸ್ಕಾಟ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ವಾಸ್ತುಶಿಲ್ಪ ಓದಿದವರಲ್ಲ. 1888ರಿಂದ 1891ರವರೆಗೆ ಕೆಲಸ ನಡೆಯಿತು. ಒಂದೊಂದು ಭಾಗವನ್ನೂ ಮೊದಲು ಗಾರೆಯಿಲ್ಲದೆ ಬರೀ ಇಟ್ಟಿಗೆ ಜೋಡಿಸಿ ನೋಡುವುದು, ನಿಂತರೆ ಬಿಚ್ಚಿ ಗಾರೆ ಹಾಕಿ ಕಟ್ಟುವುದು, ನಿಲ್ಲದಿದ್ದರೆ ಮತ್ತೆ ಜೋಡಿಸುವುದು. ಗುಮ್ಮಟ, ಗೋಪುರ, ಕಮಾನು ಎಲ್ಲ ಎದ್ದದ್ದು ಹೀಗೆ. ಇಟ್ಟಿಗೆ ಬಡಿದು, ಸುಟ್ಟು, ಏರಿಸಿದ ಸ್ಥಳೀಯರು ಯಾರೂ ಅದಕ್ಕೆ ಮೊದಲು ಇಂಥದ್ದನ್ನು ಕಟ್ಟಿದವರಲ್ಲ. ನಾನು ಓದಿದ ಬರಹಗಳಲ್ಲೆಲ್ಲ ಸ್ಕಾಟ್ ಹೆಸರಿದೆ, ಉಸ್ತುವಾರಿ ನೋಡಿದ ಮೆಕಿಲ್ವೇನ್ ಹೆಸರಿದೆ. ಉಳಿದವರು ‘ಕೆಲಸಗಾರರು’. ಮಂಗಳೂರಿನ ಪುಸ್ತಕಗಳಲ್ಲೂ ಪ್ಲೆಬ್ಸ್ಟ್ ಇದ್ದಾರೆ, ನನ್ನ ಅಜ್ಜಿಯಂಥವರು ಸಂಬಳದ ಪಟ್ಟಿಯಲ್ಲಷ್ಟೇ ಇದ್ದರು. ಈ ಮಾತನ್ನು ಸಿಟ್ಟಿನಿಂದ ಹೇಳುತ್ತಿಲ್ಲ. ಆದರೆ ಆ ಕಂಬವನ್ನು ಮುಟ್ಟಿದಾಗ ನನಗೆ ಪಾದ್ರಿಯ ನೆನಪು ಬರಲಿಲ್ಲ, ಅಜ್ಜಿಯ ಹೆಬ್ಬೆರಳು ನೆನಪಾಯಿತು.

ಸ್ಕಾಟ್ ಬಗ್ಗೆ ನನಗೆ ಒಲವು ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಅವರು 1892ರಲ್ಲಿ ಅಲ್ಲಿನ ಮಂಗಾಂಜ ಭಾಷೆಯ ದೊಡ್ಡ ನಿಘಂಟು ಹೊರತಂದರು. ನಮ್ಮ ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಎರಡು ವರ್ಷದ ಅಂತರದಲ್ಲಿ ಎರಡು ಖಂಡಗಳಲ್ಲಿ ಇಬ್ಬರು ಪಾದ್ರಿಗಳು ಪರರ ಮಾತನ್ನು ಪದಪದವಾಗಿ ಆಯುತ್ತ ಕೂತಿದ್ದರು. ಇನ್ನೊಬ್ಬರ ಭಾಷೆಯೊಳಗೆ ಅಷ್ಟು ವರ್ಷ ತಲೆ ತಗ್ಗಿಸಿ ಕೂತವನು ಆ ಜನರನ್ನು ಕೀಳಾಗಿ ಕಾಣುವುದು ಕಷ್ಟ ಎಂದು ನಾನು ನಂಬುತ್ತೇನೆ. ಸ್ಕಾಟ್ ಅಲ್ಲಿನವರನ್ನೇ ಸಭೆಯ ಜವಾಬ್ದಾರಿಗೆ ತಯಾರು ಮಾಡಿದರು. ಅದು ಬಿಳಿಯ ವಸಾಹತುಗಾರರಿಗೆ ಹಿಡಿಸಲಿಲ್ಲ. ದೂರುಗಳು ಹೋದವು, ವಿಚಾರಣೆಯಾಯಿತು, 1898ರಲ್ಲಿ ಸ್ಕಾಟ್ ಬ್ಲಾಂಟೈರ್ ಬಿಟ್ಟರು.

ಹಾಗೆಂದು ಆ ಮಿಷನ್ನಿನ ಚರಿತ್ರೆಯೆಲ್ಲ ಬೆಳಕೇ ಅಲ್ಲ. 1876ರಲ್ಲಿ ಶುರುವಾದಾಗ, ಆಫ್ರಿಕಾ ಸುತ್ತಿದ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಸ್ಕಾಟ್ಲೆಂಡಿನ ಊರಿನ ಹೆಸರನ್ನೇ ಜಾಗಕ್ಕೂ ಇಟ್ಟರು. ಮೊದಲ ಕೆಲವು ವರ್ಷ ಮಿಷನ್ನಿನವರೇ ನ್ಯಾಯಾಧೀಶರೂ ಪೊಲೀಸರೂ ಆಗಿ ಕೂತರು. ಕೊಲೆಯ ಆರೋಪದ ಮೇಲೆ ಒಬ್ಬನಿಗೆ ಮರಣದಂಡನೆ ಕೊಟ್ಟರು, ಇನ್ನೊಬ್ಬ ಚಾಟಿಯೇಟಿಗೆ ಸತ್ತ. ಸುದ್ದಿ 1880ರಲ್ಲಿ ಕಿರುಹೊತ್ತಗೆಯಾಗಿ ಅಚ್ಚಾದ ಮೇಲೆ ಗದ್ದಲವೆದ್ದು, ಮಿಷನ್ನಿನಲ್ಲಿದ್ದ ಪಾದ್ರಿಯನ್ನು ಕೆಲಸದಿಂದ ತೆಗೆದರು. ಆಮೇಲೆ ಬಂದವರೇ ಸ್ಕಾಟ್. ಸೇವೆಗೆಂದು ಹೊರಡುವವರಿಗೆ ಈ ಪುಟವನ್ನೂ ಓದಿಸಬೇಕು. ನಾವು ಹೊರಡುವ ಮುಂಚೆ ನಮಗೆ ಯಾರೂ ಓದಿಸಿರಲಿಲ್ಲ.

ಇದೇ ಮಿಷನ್ನಿನ ಶಾಲೆಯಲ್ಲಿ ಕಲಿತ ಹುಡುಗ ಜಾನ್ ಚಿಲೆಂಬ್ವೆ. ಮುಂದೆ ಅಮೆರಿಕಕ್ಕೆ ಹೋಗಿ ಓದಿ, ಪಾದ್ರಿಯಾಗಿ ಮರಳಿ, ಬ್ಲಾಂಟೈರಿಗೆ ಹತ್ತಿರದ ಚಿರಾಡ್ಜುಲುವಿನಲ್ಲಿ ತನ್ನದೇ ಮಿಷನ್ ಕಟ್ಟಿದ. ಅವನೂ ಇಟ್ಟಿಗೆಯ ದೊಡ್ಡ ಚರ್ಚು ಕಟ್ಟಿಸಿದ. ಎಸ್ಟೇಟುಗಳ ದಬ್ಬಾಳಿಕೆಯ ವಿರುದ್ಧ, ಬ್ರಿಟಿಷರ ಯುದ್ಧದಲ್ಲಿ ಆಫ್ರಿಕನ್ನರು ಸಾಯಬೇಕಾದುದರ ವಿರುದ್ಧ 1915ರ ಜನವರಿಯಲ್ಲಿ ದಂಗೆ ಎದ್ದ. ಸರ್ಕಾರ ಅವನನ್ನು ಗುಂಡಿಕ್ಕಿ ಕೊಂದು, ಚರ್ಚನ್ನು ಸ್ಫೋಟಿಸಿ ಕೆಡವಿತು. ಇಂದು ಅವನ ಮುಖ ಮಲಾವಿಯ ನೋಟಿನ ಮೇಲಿದೆ. ಬಿಳಿಯರ ಮುಂದೆ ಆಫ್ರಿಕನ್ನರು ಹ್ಯಾಟು ಧರಿಸಬಾರದೆಂಬ ಕಟ್ಟಳೆಯಿದ್ದ ಆ ಕಾಲದಲ್ಲಿ ಅವನು ಹ್ಯಾಟು ಹಾಕಿಕೊಂಡೇ ಫೋಟೊಗೆ ನಿಂತಿದ್ದ; ಆ ಫೋಟೊವನ್ನು ಆಧರಿಸಿದ ಪ್ರತಿಮೆಯನ್ನು 2022ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನಿಲ್ಲಿಸಿದರು.

ಇನ್ನು ನಮ್ಮ ತಿಂಗಳ ಸೇವೆ. ನಮ್ಮಲ್ಲಿ ಇಬ್ಬರು ನರ್ಸುಗಳು, ಒಬ್ಬರು ಫಿಸಿಯೊಥೆರಪಿಸ್ಟ್, ಒಬ್ಬ ಎಲೆಕ್ಟ್ರಿಷಿಯನ್ ಇದ್ದರು. ಎಲ್ಲರಿಗಿಂತ ಹೆಚ್ಚು ಬೇಕಾದವನು ಎಲೆಕ್ಟ್ರಿಷಿಯನ್. ಮಾತು ಕಡಿಮೆಯ ಹುಡುಗ, ಪ್ರಾರ್ಥನಾ ಕೂಟದಲ್ಲೂ ಬಾಯಿ ಬಿಡುತ್ತಿರಲಿಲ್ಲ. ಕರೆಂಟು ಹೋಗಿ ಬಂದು ಸುಟ್ಟುಹೋದ ವೈರಿಂಗನ್ನು ವಾರ್ಡಿಂದ ವಾರ್ಡಿಗೆ ಸರಿಮಾಡುತ್ತ, ಅಲ್ಲಿನ ಹುಡುಗನೊಬ್ಬನಿಗೆ ಕಲಿಸುತ್ತ ತಿಂಗಳು ಕಳೆದ. ನನಗೆ ಸಿಕ್ಕ ಕೆಲಸ ಹೊರರೋಗಿಗಳ ಸಾಲಿನಲ್ಲಿ. ಅಲ್ಲಿ ರೋಗಿಯ ದಾಖಲೆ ಆಸ್ಪತ್ರೆಯ ಕಪಾಟಿನಲ್ಲಿರುವುದಿಲ್ಲ, ರೋಗಿಯ ಕೈಯಲ್ಲಿರುತ್ತದೆ. ಅಂಗೈಯಗಲದ ‘ಹೆಲ್ತ್ ಪಾಸ್‌ಪೋರ್ಟ್’ ಪುಸ್ತಕ. ಚಿತೆಂಜೆ ಬಟ್ಟೆಯ ಮಡಿಕೆಯಿಂದ ಅದನ್ನು ತೆಗೆದುಕೊಡುವ ತಾಯಂದಿರು ಮೊದಲು ಸೆರಗಿನಿಂದ ಒರೆಸಿ ಕೊಡುತ್ತಿದ್ದರು. ಒಂದು ಪುಸ್ತಕದ ರಟ್ಟು ಹರಿದಿತ್ತು, ಅದಕ್ಕೆ ಸಕ್ಕರೆ ಪೊಟ್ಟಣದ ಕಾಗದದ ಹೊದಿಕೆ ಹಾಕಿ ಸೂಜಿ ದಾರದಿಂದ ಹೊಲಿದಿದ್ದರು. ಒಳಗೆ ಮಗುವಿನ ತೂಕ ತಿಂಗಳು ತಪ್ಪದೆ ಬರೆದಿತ್ತು.

ರೋಗಿಯ ಜತೆಗೆ ಬಂದವರು ಆಸ್ಪತ್ರೆಯ ಹಿಂದಿನ ಚಾವಣಿಯ ಕೆಳಗೆ ಮೂರು ಕಲ್ಲಿನ ಒಲೆ ಹೂಡಿ ಅಡುಗೆ ಮಾಡುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ‘ನ್ಸಿಮ’; ಕೈಯಲ್ಲಿ ಮುರಿದು, ಉಂಡೆ ಮಾಡಿ, ಪಲ್ಯಕ್ಕೋ ಸಾರಿಗೋ ಅದ್ದಿ ತಿನ್ನುವುದು. ನಮ್ಮ ತಂಡದ ಮೈಸೂರು ಕಡೆಯ ನರ್ಸ್ ಮೊದಲ ತುತ್ತಿಗೇ ‘ಮುದ್ದೆ!’ ಎಂದರು. ನನಗೆ ಮನೆಯ ನೆನಪು ತಂದದ್ದು ಮಲಾವಿ ಸರೋವರದ ‘ಉಸಿಪ’, ಬೆರಳುದ್ದದ ಒಣಮೀನು. ಅದನ್ನು ಹುರಿಯುವ ವಾಸನೆಗೆ ಬಂದರಿನ ಬಾಲ್ಯ ಇಡಿಯಾಗಿ ಎದ್ದುಬಂತು. ಎಲ್ಲಿಂದಲೋ ಕೊಡಲು ಬಂದವರು ನಾವು. ಆ ಒಲೆಯ ಪಕ್ಕ ಕೂತಾಗ ನಮ್ಮ ತಟ್ಟೆ ತುಂಬಿಸಿದವರು ಅವರು.

ಜುಲೈ ಅಲ್ಲಿ ಇಟ್ಟಿಗೆ ಕಾಲ. ಮಳೆಗಾಲ ಮುಗಿದ ಮೇಲೆ ಹಳ್ಳಿ ಹಳ್ಳಿಯಲ್ಲಿ ಇಟ್ಟಿಗೆ ಗೂಡುಗಳು ಏಳುತ್ತವೆ. ಗೆದ್ದಲ ಹುತ್ತದ ಮಣ್ಣು ಬೆರೆಸಿದರೆ ಗಟ್ಟಿ ಎನ್ನುತ್ತಾರೆ. ಗೂಡು ಸುಡಲು ಕಾಡಿನ ಮರ ಬೇಕು, ಅಲ್ಲಿನ ಗುಡ್ಡಗಳು ಬೋಳಾಗುತ್ತಿರುವುದಕ್ಕೆ ಇದೂ ಒಂದು ಕಾರಣ, ನೋಡಿ ಸಂಕಟವಾಯಿತು. ಆಸ್ಪತ್ರೆಗೆ ನಡೆದುಹೋಗುವ ದಾರಿಯಲ್ಲಿ ಒಂದು ಮನೆಯವರು ಇಟ್ಟಿಗೆ ಬಡಿಯುತ್ತಿದ್ದರು. ಗಂಡ ಅಚ್ಚಿಗೆ ಮಣ್ಣು ತುಂಬುವುದು, ಹೆಂಡತಿ ತಲೆಯ ಮೇಲೆ ನೀರು, ಒಣಗಿದ ಇಟ್ಟಿಗೆ ಹೊರುವುದು. ಬೇಲಿಯ ಹೊರಗೆ ನಿಂತು ‘ಓಡಿ’ ಎಂದು ಅಪ್ಪಣೆ ಕೇಳಬೇಕು, ‘ಓಡಿನಿ’ ಎಂದರೆ ಒಳಗೆ ಹೋಗಬಹುದು. ಎರಡನೆಯ ವಾರದಿಂದ ನಾನು ದಿನಾ ‘ಓಡಿ’ ಎನ್ನತೊಡಗಿದೆ. ಜತೆಗೆ ಬರುತ್ತಿದ್ದ ಆಸ್ಪತ್ರೆಯ ಹುಡುಗಿ ಮಾತು ದಾಟಿಸುತ್ತಿದ್ದಳು.

ನನ್ನ ಅಜ್ಜಿ ಹಂಚು ಹೊರುತ್ತಿದ್ದರು ಎಂದು ಹೇಳಿದಾಗ ಆ ಹೆಂಗಸು ತಲೆಯ ಮೇಲಿನ ಹೊರೆ ಇಳಿಸದೆಯೇ ನನ್ನತ್ತ ತಿರುಗಿದರು. ಅಷ್ಟು ದಿನ ನಾನು ವಿಮಾನದಲ್ಲಿ ಬಂದವಳು. ಅಂದು ಮೊದಲ ಬಾರಿ ಅವರು ನನ್ನನ್ನೇ ಒಂದು ಪ್ರಶ್ನೆ ಕೇಳಿದರು: ದಿನಕ್ಕೆ ಎಷ್ಟು ಹೊರುತ್ತಿದ್ದರು?

ನನಗೆ ಉತ್ತರ ಗೊತ್ತಿರಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ‘ಲೆಕ್ಕ ಯಾವತ್ತೂ ಹೇಳಿದವರಲ್ಲ ಮಾರಾಯ್ತಿ,’ ಎಂದರು ಅಮ್ಮ. ‘ರಾತ್ರಿ ಮಲಗುವಾಗ ಕುತ್ತಿಗೆಗೆ ಬಿಸಿ ಎಣ್ಣೆ ಹಚ್ಚು ಅಂತ ಮಾತ್ರ ಹೇಳ್ತಿದ್ರು. ನಾನೇ ಹಚ್ಚುತ್ತಿದ್ದೆ.’

ಮರುದಿನ ಅದನ್ನೇ ಹೇಳಿದೆ. ಹುಡುಗಿ ದಾಟಿಸಿದಳು. ಆ ಹೆಂಗಸು ಕೆಸರು ಮೆತ್ತಿದ ಕೈಯನ್ನು ಚಿತೆಂಜೆಗೆ ಒರೆಸಿಕೊಂಡು, ತನ್ನ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ತೋರಿಸಿದರು. ಆಮೇಲೆ ಪಕ್ಕಕ್ಕೆ ಸರಿದು, ಮಣ್ಣಿನ ಗುಡ್ಡೆಯ ಬಳಿ ನನಗೂ ಕೂರಲು ಜಾಗ ಮಾಡಿಕೊಟ್ಟರು.