ನಿಮಗಿದು ಗೊತ್ತೇ? ಡಬ್ಬದ ಮೇಲಿನ ಹೆಸರು, ಒಳಗಿನ ಸರಕು

ಎನ್‌ವಿಡಿಯಾದ ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಗ್ರಾಫಿಕ್ಸ್ ಕಾರ್ಡುಗಳಿವೆ. 2017ರಲ್ಲಿ ಬಂದದ್ದರಲ್ಲಿ ಜಿಡಿಡಿಆರ್5 ಮೆಮೊರಿ. ಸೆಕೆಂಡಿಗೆ 48 ಜಿಬಿ ಮಾಹಿತಿ ಓಡಾಡುತ್ತದೆ. ಮರುವರ್ಷ ಅದೇ ಹೆಸರು ಹೊತ್ತು ಬಂದದ್ದರಲ್ಲಿ ಡಿಡಿಆರ್4, ಓಡಾಟ 16.8 ಜಿಬಿಗೆ ಇಳಿಯಿತು. ಎಷ್ಟೋ ಆಟಗಳಲ್ಲಿ ವೇಗ ಅರ್ಧದ ಆಸುಪಾಸಿಗೆ ಬಿತ್ತು. ದಪ್ಪಕ್ಷರದಲ್ಲಿರುವುದು ಜಿಟಿ 1030 ಎಂಬುದಷ್ಟೇ. ಮೆಮೊರಿ ಯಾವುದೆಂದು ಸಣ್ಣಕ್ಷರದಲ್ಲಿ ಹುಡುಕಿಕೊಳ್ಳಬೇಕು.

ಇದು ಒಮ್ಮೆ ನಡೆದು ಮುಗಿದ ಆಟವಲ್ಲ. ಆರ್‌ಟಿಎಕ್ಸ್ 3050 ಕಾರ್ಡ್ 2022ರಲ್ಲಿ 8 ಜಿಬಿ, 2560 ಕೋರ್‌ಗಳೊಂದಿಗೆ ಬಂತು. 2024ರಲ್ಲಿ ಬಂದ ಇನ್ನೊಂದು 3050ಕ್ಕೆ 6 ಜಿಬಿ, 2304 ಕೋರ್. ಮೆಮೊರಿ ಕಡಿಮೆಯಾದದ್ದು ಡಬ್ಬದ ಮೇಲೆ ಕಾಣುತ್ತದೆ, ಕೋರ್ ಕಡಿಮೆಯಾದದ್ದು ಕಾಣುವುದಿಲ್ಲ. 2016ರ ಜಿಟಿಎಕ್ಸ್ 1060ರ 3 ಜಿಬಿ ಮಾದರಿಯಲ್ಲೂ ಇದೇ ಕೈಚಳಕ ನಡೆದಿತ್ತು.

ಆದರೂ ಆ ಬಡಕಲು 3050ಯನ್ನು ತಳ್ಳಿಹಾಕಬೇಡಿ. ಮದರ್‌ಬೋರ್ಡಿನ ಸ್ಲಾಟ್ ಗರಿಷ್ಠ 75 ವಾಟ್ ವಿದ್ಯುತ್ ಕೊಡಬಲ್ಲದು. ಈ ಕಾರ್ಡಿಗೆ ಬೇಕಿರುವುದು 70. ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಎಳೆಯಬೇಕಿಲ್ಲ. ಕಚೇರಿಗಳಿಂದ ಹರಾಜಾಗಿ ಬರುವ ಹಳೆಯ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ವೈರ್ ಹಲವು ಸಲ ಇರುವುದೇ ಇಲ್ಲ. ಅಂಥ ಪೆಟ್ಟಿಗೆಗೆ ಜೀವ ಕೊಡಲು ಇದು, ಇಲ್ಲವೇ 2019ರ ಜಿಟಿಎಕ್ಸ್ 1650 ಸಾಕು. 1650 ಕೊಳ್ಳುವಾಗ ಒಂದು ಎಚ್ಚರಿಕೆ: ಕೆಲವು ತಯಾರಕರು ಅದಕ್ಕೂ 6 ಪಿನ್ನಿನ ಸಾಕೆಟ್ ಅಂಟಿಸಿದ್ದಾರೆ.

ಎಎಂಡಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕೂರುವುದು 16 ಲೇನ್‌ಗಳ (ಮಾಹಿತಿ ಓಡಾಡುವ ದಾರಿಗಳ) ಸ್ಲಾಟಿನಲ್ಲಿ, ಬಳಸುವುದು ನಾಲ್ಕೇ ಲೇನ್. ಪಿಸಿಐಇ 4.0 ಬೋರ್ಡಿನಲ್ಲಿ ಹೇಗೋ ನಡೆಯುತ್ತದೆ. 3.0 ಬೋರ್ಡಿನಲ್ಲಿ ಆ ನಾಲ್ಕರ ವೇಗವೂ ಅರ್ಧ. ಕಾರ್ಡಿನ 4 ಜಿಬಿ ತುಂಬಿದೊಡನೆ ಕಂಪ್ಯೂಟರಿನ ರ‍್ಯಾಮ್‌ಗೆ ಕೈಚಾಚಬೇಕಲ್ಲ, ಆಗ ಆಟ ತೊದಲುತ್ತದೆ. ತಮಾಷೆಯೆಂದರೆ, ಅಗ್ಗದ ಕಾರ್ಡ್ ಹುಡುಕುವವರ ಮನೆಯಲ್ಲಿರುವುದು ಬಹುಪಾಲು ಹಳೆಯ ಬೋರ್ಡೇ. ಆಟವನ್ನು ರೆಕಾರ್ಡ್ ಮಾಡುವ ಎನ್‌ಕೋಡರ್ ಕೂಡ ಇದರಲ್ಲಿಲ್ಲ. ಯೂಟ್ಯೂಬ್ ಕನಸಿದ್ದರೆ ಆ ಭಾರವೆಲ್ಲ ಪ್ರೊಸೆಸರಿನ ತಲೆಗೆ.

2021ರ ಆರ್‌ಟಿಎಕ್ಸ್ 3060ಯಲ್ಲಿ 12 ಜಿಬಿ. ಎರಡು ವರ್ಷ ಬಿಟ್ಟು ಬಂದ 4060ಯಲ್ಲಿ 8 ಜಿಬಿ! ಹೊಸದು ವೇಗವಾಗಿದೆ, 170 ವಾಟ್ ಇದ್ದದ್ದು 115ಕ್ಕೆ ಇಳಿದಿದೆ, ನಿಜ. ಆದರೆ ಟೆಕ್ಸ್ಚರ್ ಗುಣಮಟ್ಟ ಏರಿಸಿದಾಗ ಮೊದಲು ಮುಗಿಯುವುದು ಮೆಮೊರಿಯೇ. ಅಂದಹಾಗೆ 3060ಗೂ 8 ಜಿಬಿಯ ಬಡ ತಮ್ಮನೊಬ್ಬನಿದ್ದಾನೆ.

4ಕೆ ಪರದೆಯಲ್ಲಿರುವ ಚುಕ್ಕಿಗಳು ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು: ಅಲ್ಲಿ 82,94,400, ಇಲ್ಲಿ 20,73,600. ಬಜೆಟ್ ಕಾರ್ಡಿಗೆ ಫುಲ್ ಎಚ್‌ಡಿಯೇ ಲೇಸು.

ಇಂಟೆಲ್‌ನ ಆರ್ಕ್ ಬಿ580 2024ರ ಡಿಸೆಂಬರಿನಲ್ಲಿ 12 ಜಿಬಿಯೊಂದಿಗೆ, 249 ಡಾಲರ್‌ಗೆ ಅಮೆರಿಕದ ಮಾರುಕಟ್ಟೆಗೆ ಇಳಿದಾಗ ಅಗ್ಗದ ವರ್ಗದಲ್ಲಿ ಸಂಚಲನವೇ ಆಯಿತು. ಆದರೆ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ ಬೇಕೇ ಬೇಕು. ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ತುಂಡುತುಂಡಾಗಿ ಅಲ್ಲದೆ ಇಡಿಯಾಗಿ ನೋಡಲು ಬಿಡುವ ಸೌಲಭ್ಯ ಅದು. ಬಯಾಸ್‌ನಲ್ಲಿ ಆ ಆಯ್ಕೆಯೇ ಇಲ್ಲದ ಹಳೆಯ ಬೋರ್ಡಿಗೆ ಆರ್ಕ್ ಹಾಕುವುದು ದುಡ್ಡು ದಂಡ.

ಪ್ರೊಸೆಸರಿನ ಹೆಸರನ್ನೂ ಗಮನಿಸಿ. ಇಂಟೆಲ್ ಐ3-12100ಎಫ್, ಐ5-12400ಎಫ್: ಕೊನೆಯ ‘ಎಫ್’ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಕೆಟ್ಟರೆ ಪರದೆ ಕಪ್ಪು.

ಹೊಸ ಕಾರ್ಡ್ ಹಾಕಿದರೂ ಆಟ ಕುಂಟುತ್ತಿದೆಯೇ? ಮಾನಿಟರಿನ ಕೇಬಲ್ ಮದರ್‌ಬೋರ್ಡಿನಲ್ಲೇ ಉಳಿದಿರಬಹುದು. ನಗಬೇಡಿ, ಇದು ಎಲ್ಲ ಊರಿನ ಕಥೆ.

2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಎಂಬ ಕ್ರಿಪ್ಟೋಕರೆನ್ಸಿ ತನ್ನ ಲೆಕ್ಕ ನಡೆಸುವ ಪದ್ಧತಿಯನ್ನೇ ಬದಲಿಸಿತು. ಗ್ರಾಫಿಕ್ಸ್ ಕಾರ್ಡಿನಿಂದ ಅದನ್ನು ಗಣಿಗಾರಿಕೆ ಮಾಡುವ ಕೆಲಸ ಅಂದಿಗೆ ಮುಗಿಯಿತು. ಹಗಲಿರುಳು ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ನುಗ್ಗಿದವು. ಅವೆಲ್ಲ ಕೆಟ್ಟವೆಂದಲ್ಲ. ಚಿಪ್‌ಗಿಂತ ಮೊದಲು ಸವೆಯುವುದು ಫ್ಯಾನ್, ಒಣಗುವುದು ಥರ್ಮಲ್ ಪೇಸ್ಟ್, ಎರಡನ್ನೂ ಬದಲಿಸಬಹುದು. ಹೆದರಬೇಕಾದ್ದು ವೇಷಧಾರಿಗಳಿಗೆ. ಹಳೆಯ ಚಿಪ್ಪಿನ ಬಯಾಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ತೋರಿಸುವ ಕಾರ್ಡುಗಳಿವೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ನಕಲಿಗಳನ್ನು 2018ರಿಂದ ಪತ್ತೆಹಚ್ಚಿ ‘ಫೇಕ್’ ಎಂದು ಬರೆದೇ ತೋರಿಸುತ್ತಿದೆ. ಆರ್‌ಎಕ್ಸ್ 580 2048ಎಸ್‌ಪಿ ಎಂಬುದು ನಕಲಿಯಲ್ಲ, ಎಎಂಡಿಯೇ ಚೀನಾದ ಪೇಟೆಗೆಂದು ಬಿಟ್ಟದ್ದು. ಆದರೆ ಹೂರಣದಲ್ಲಿ ಅದು 570. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೆಯ ಕಾರ್ಡ್ ಕೊಳ್ಳುವುದಾದರೆ ಅಂಗಡಿಯಲ್ಲೇ ಕಂಪ್ಯೂಟರಿಗೆ ಹಾಕಿಸಿ, ಒಂದು ಆಟ ಓಡಿಸಿ ನೋಡಿ. ಇದಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡಿ.



ಎಎಂಡಿಯ ಎಫ್‌ಎಸ್‌ಆರ್ ತಂತ್ರ ಚಿಕ್ಕ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುತ್ತದೆ. ಅದರ ಮೊದಲ ಆವೃತ್ತಿಗಳು ಎದುರಾಳಿ ಎನ್‌ವಿಡಿಯಾದ ಹಳೆಯ ಜಿಟಿಎಕ್ಸ್ ಕಾರ್ಡುಗಳಲ್ಲೂ ಓಡುತ್ತವೆ. ಇದೇ ಕೆಲಸ ಮಾಡುವ ಎನ್‌ವಿಡಿಯಾದ್ದೇ ಡಿಎಲ್‌ಎಸ್‌ಎಸ್ ಅಲ್ಲಿ ಓಡುವುದಿಲ್ಲ!

ಆದರೆ ಹಿಗ್ಗಿಸುವುದಕ್ಕೂ ಮಿತಿಯಿದೆ. 2024ರ ಡಿಸೆಂಬರಿನ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ ಆಡಲು ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿಯನ್ನು ಲೆಕ್ಕಹಾಕುವ ತಂತ್ರ) ಬಲ್ಲ ಕಾರ್ಡ್ ಕಡ್ಡಾಯ. ಅದು ಕೇಳುವ ಕನಿಷ್ಠ ಕಾರ್ಡುಗಳಲ್ಲಿ ಆರ್‌ಟಿಎಕ್ಸ್ 2060 ಸೂಪರ್ ಒಂದು. ಜಿಟಿಎಕ್ಸ್‌ನವರಿಗೆ ಬಾಗಿಲು ಮುಚ್ಚಿದೆ.

ಒಂದೇ ಚಿಪ್ಪಿಗೆ ಎರಡು ಫ್ಯಾನ್ ಇದ್ದರೆ ಒಂದು ಬೆಲೆ, ಮೂರು ಫ್ಯಾನ್, ಬಣ್ಣದ ದೀಪ ಇದ್ದರೆ ಇನ್ನೊಂದು. ಈ ವರ್ಗದಲ್ಲಿ ಫ್ರೇಮುಗಳ ಲೆಕ್ಕ ಅದರಿಂದ ಹೇಳಿಕೊಳ್ಳುವಷ್ಟು ಏರುವುದಿಲ್ಲ, ಕಾರ್ಡಿನ ಉದ್ದ ಏರುತ್ತದೆ. ಕ್ಯಾಬಿನೆಟ್ಟಿನ ಒಳಗೆ ಮೊದಲು ಟೇಪ್ ಹಿಡಿದು ನೋಡಿ.