ಇಸ್ಲಾಮಿನ ಅರಬ್ಬೀ ಪಾರಿಭಾಷಿಕ ಶಬ್ದಗಳು: ಧಾತು, ರೂಢಿ ಮತ್ತು ಶಾಸ್ತ್ರಾರ್ಥ

ಇಸ್ಲಾಂ ಧರ್ಮವನ್ನು ಕುರಿತು ಕನ್ನಡದಲ್ಲಿ ಬರೆಯುವವರಿಗೆ ಮೊದಲು ಎದುರಾಗುವ ತೊಡಕು ಪಾರಿಭಾಷಿಕ ಶಬ್ದಗಳದು. ‘ಸಲಾತ್’ ಎಂಬುದನ್ನು ಪ್ರಾರ್ಥನೆಯೆಂದೂ, ‘ಜಕಾತ್’ ಎಂಬುದನ್ನು ದಾನವೆಂದೂ, ‘ಕಾಫಿರ್’ ಎಂಬುದನ್ನು ನಾಸ್ತಿಕನೆಂದೂ, ‘ಜಿಹಾದ್’ ಎಂಬುದನ್ನು ಧರ್ಮಯುದ್ಧವೆಂದೂ ಅನುವಾದಿಸಿ ಮುಂದುವರಿಯುವುದು ವಾಡಿಕೆಯಾಗಿದೆ. ಇದಕ್ಕೆ ಪ್ರತಿಯಾಗಿ, ಧಾತುವೊಂದನ್ನೇ ಹಿಡಿದು ‘ಇಸ್ಲಾಂ ಎಂದರೆ ಶಾಂತಿ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರೂ ಉಂಟು. ಮೊದಲನೆಯವರು ಶಬ್ದದ ಚರಿತ್ರೆಯನ್ನು ಮರೆಯುತ್ತಾರೆ. ಎರಡನೆಯವರು ಅದರ ಪ್ರಯೋಗವನ್ನು ಮರೆಯುತ್ತಾರೆ. ಅರ್ಥನಿರ್ಣಯಕ್ಕೆ ಎರಡೂ ಬೇಕು, ಆದರೆ ಕೊನೆಯ ಮಾತು ಪ್ರಯೋಗದ್ದೇ ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಅರಬ್ಬೀ ಭಾಷೆಯ ಶಬ್ದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ವ್ಯಂಜನಗಳು ಸ್ಥಿರವಾಗಿ ನಿಂತು, ಸ್ವರಗಳೂ ಉಪಸರ್ಗಗಳೂ ಬದಲಾದಂತೆ ಅರ್ಥವು ಕವಲೊಡೆಯುತ್ತದೆ. ‘ಸ್-ಲ್-ಮ್’ ಎಂಬ ಧಾತುವಿಗೆ ಕುಂದಿಲ್ಲದಿರುವುದು, ಸುರಕ್ಷಿತವಾಗಿರುವುದು ಎಂಬ ಮೂಲಾರ್ಥ. ‘ಸಲಾಂ’ ಎಂದರೆ ಕ್ಷೇಮ, ಶಾಂತಿ. ‘ಇಸ್ಲಾಂ’ ಎಂಬುದು ಅದೇ ಧಾತುವಿನ ಬೇರೊಂದು ಕ್ರಿಯಾರೂಪದಿಂದ ಬಂದ ಭಾವನಾಮ. ತನ್ನನ್ನು ಪೂರ್ಣವಾಗಿ ಒಪ್ಪಿಸಿಕೊಳ್ಳುವುದು ಎಂದು ಅದರ ಅರ್ಥ. ಹಾಗೆ ಒಪ್ಪಿಸಿಕೊಂಡವನು ‘ಮುಸ್ಲಿಂ’. ಶಾಂತಿಯು ಈ ಶಬ್ದಕ್ಕೆ ಒಡಹುಟ್ಟೇ ಹೊರತು ಅದರ ಪರ್ಯಾಯವಲ್ಲ.

ಧಾತ್ವರ್ಥಕ್ಕೂ ವ್ಯವಹಾರದ ಅರ್ಥಕ್ಕೂ ಇರುವ ಅಂತರವು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ‘ಪಂಕಜ’ ಎಂದರೆ ಕೆಸರಿನಲ್ಲಿ ಹುಟ್ಟಿದುದು ಎಂಬುದು ಯೋಗಾರ್ಥ. ಆದರೆ ಕೆಸರಿನಲ್ಲಿ ಹುಟ್ಟಿದ ಬೇರೆ ಯಾವುದನ್ನೂ ನಾವು ಪಂಕಜವೆನ್ನುವುದಿಲ್ಲ. ಯೋಗಕ್ಕಿಂತ ರೂಢಿ ಬಲವಾದುದು. ಇಸ್ಲಾಮೀ ನ್ಯಾಯಶಾಸ್ತ್ರಜ್ಞರೂ ಇಂಥದೇ ವಿವೇಚನೆ ನಡೆಸಿ, ಶಬ್ದಾರ್ಥವನ್ನು ಭಾಷಿಕ, ಲೌಕಿಕ, ಶಾಸ್ತ್ರೀಯ ಎಂದು ಮೂರಾಗಿ ವಿಂಗಡಿಸಿದ್ದಾರೆ. ಅವರ ಪರಿಭಾಷೆಯಲ್ಲಿ ಇವು ಲುಗವೀ, ಉರ್ಫೀ ಮತ್ತು ಶರಈ. ‘ಸಲಾತ್’ ಭಾಷಿಕವಾಗಿ ಬೇಡಿಕೆ, ಪ್ರಾರ್ಥನೆ. ಶಾಸ್ತ್ರೀಯವಾಗಿ ‘ಅಲ್ಲಾಹು ಅಕ್ಬರ್’ ಎಂಬ ಘೋಷದಿಂದ ಆರಂಭವಾಗಿ ಸಲಾಮಿನಿಂದ ಮುಗಿಯುವ, ಗೊತ್ತಾದ ನುಡಿಗಳೂ ಅಂಗವಿನ್ಯಾಸಗಳೂ ಉಳ್ಳ ವಿಧಿ. ಮನಸ್ಸಿನಲ್ಲಿ ಮಾಡಿಕೊಳ್ಳುವ ಬಿನ್ನಹಕ್ಕೆ ‘ದುಆ’ ಎಂಬ ಬೇರೆ ಶಬ್ದವೇ ಉಂಟು. ಎರಡನ್ನೂ ಪ್ರಾರ್ಥನೆಯೆಂದು ಕರೆದರೆ ಈ ಭೇದವೇ ಅಳಿಸಿಹೋಗುತ್ತದೆ. ‘ಜಕಾತ್’ ಭಾಷಿಕವಾಗಿ ವೃದ್ಧಿ, ಶುದ್ಧಿ; ಶಾಸ್ತ್ರೀಯವಾಗಿ ನಿಯತ ಪ್ರಮಾಣವನ್ನು ಮೀರಿದ ಸ್ವತ್ತಿನಿಂದ ಕೊಡಲೇಬೇಕಾದ ಪಾಲು. ಬೆಳ್ಳಿ, ಬಂಗಾರ, ನಗದುಗಳಿಗೆ ಅದು ೪೦ರಲ್ಲಿ ೧ ಭಾಗ. ಇಚ್ಛೆ ಬಂದಾಗ ಕೊಡುವ ದಾನವು ‘ಸದಕಾ’ ಎನಿಸುತ್ತದೆ.

‘ಸೌಮ್’ ಎಂಬುದಕ್ಕೆ ತಡೆದುಕೊಳ್ಳುವುದು ಎಂದು ಮೂಲಾರ್ಥ. ಕುರ್‌ಆನಿನ ೧೯ನೆಯ ಅಧ್ಯಾಯದ ೨೬ನೆಯ ವಾಕ್ಯದಲ್ಲಿ ಯೇಸುವಿನ ತಾಯಿ ಮರಿಯಮಳು ಕೈಗೊಳ್ಳುವ ‘ಸೌಮ್’ ಆಹಾರತ್ಯಾಗವಲ್ಲ, ಮಾತನ್ನು ತಡೆದುಕೊಳ್ಳುವ ಮೌನವ್ರತ. ರಂಜಾನ್ ತಿಂಗಳ ಉಪವಾಸವು ವಿಧಿಯಾದ ಮೇಲೆ ಶಬ್ದಕ್ಕೆ ಆ ಅರ್ಥವೇ ನೆಲೆಯಾಯಿತು. ಹಳೆಯ ಶಬ್ದವನ್ನೇ ಉಳಿಸಿಕೊಂಡು ಅದಕ್ಕೆ ಹೊಸ ಗಡಿಯನ್ನು ಗುರುತಿಸಿದ ಕ್ರಮ ಇಲ್ಲಿ ಸ್ಪಷ್ಟವಾಗಿದೆ.

ಹೆಚ್ಚು ಎಚ್ಚರಿಕೆಯಿಂದ ವಿವೇಚಿಸಬೇಕಾದುದು ‘ಕಾಫಿರ್’ ಶಬ್ದ. ‘ಕ್-ಫ್-ರ್’ ಧಾತುವಿಗೆ ಮುಚ್ಚುವುದು ಎಂದರ್ಥ. ಬೀಜವನ್ನು ಮಣ್ಣಿನಿಂದ ಮುಚ್ಚುವ ಬೇಸಾಯಗಾರನಿಗೂ ಅರಬ್ಬೀಯಲ್ಲಿ ಈ ಹೆಸರುಂಟು. ೫೭ನೆಯ ಅಧ್ಯಾಯದ ೨೦ನೆಯ ವಾಕ್ಯದಲ್ಲಿ, ಮಳೆಗೆ ಚಿಗುರಿದ ಪೈರನ್ನು ಕಂಡು ಹಿಗ್ಗುವವರನ್ನು ‘ಕುಫ್ಫಾರ್’ ಎಂಬ ಬಹುವಚನದಿಂದ ಹೇಳಿದೆ. ಅಲ್ಲಿ ರೈತರೆಂದೇ ಅನೇಕ ವ್ಯಾಖ್ಯಾನಕಾರರ ಮತ. ಪಡೆದ ಉಪಕಾರವನ್ನು ಮುಚ್ಚಿಡುವುದು ಕೃತಘ್ನತೆ. ಆದುದರಿಂದ ೧೪ನೆಯ ಅಧ್ಯಾಯದ ೭ನೆಯ ವಾಕ್ಯದಲ್ಲಿ ಈ ಧಾತುವು ಕೃತಜ್ಞತೆಗೆ ವಿರುದ್ಧ ಪದವಾಗಿ ನಿಂತಿದೆ. ದೇವರ ಕೊಡುಗೆಯನ್ನು ಮರೆಸುವವನು ಆತನ ಸಂದೇಶವನ್ನೂ ನಿರಾಕರಿಸುವವನೆಂಬ ಭಾವದಿಂದ, ಮುಂದೆ ಅದು ‘ಈಮಾನ್’ ಅಥವಾ ವಿಶ್ವಾಸಕ್ಕೆ ಪ್ರತಿಪದವಾಯಿತು. ಇದನ್ನು ‘ನಾಸ್ತಿಕ’ ಎಂದು ತಿರುಗಿಸುವುದು ಸಲ್ಲದು. ಭೂಮ್ಯಾಕಾಶಗಳನ್ನು ಸೃಷ್ಟಿಸಿದವನು ಯಾರೆಂದು ಕೇಳಿದರೆ ಅಲ್ಲಾಹನೆಂದೇ ಅವರು ಉತ್ತರಿಸುವರೆಂದು ೩೧ನೆಯ ಅಧ್ಯಾಯವು ಮಕ್ಕೆಯ ಎದುರಾಳಿಗಳ ವಿಷಯದಲ್ಲಿ ಹೇಳುತ್ತದೆ. ಅವರು ದೇವರಿಲ್ಲವೆಂದವರಲ್ಲ. ಜಪಾನಿನ ವಿದ್ವಾಂಸ ತೋಶಿಹಿಕೊ ಇಜುತ್ಸು ೧೯೫೯ರಲ್ಲಿಯೂ ೧೯೬೪ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ, ಕುರ್‌ಆನಿನ ಒಂದೊಂದು ಪದವನ್ನೂ ಅದರ ಪ್ರತಿಪದಗಳ ಜಾಲದಲ್ಲಿಟ್ಟು ಅರ್ಥಮಾಡಬೇಕೆಂದು ಪ್ರತಿಪಾದಿಸಿದರು. ‘ಕುಫ್ರ್’ ಶಬ್ದವು ಆ ಕ್ರಮಕ್ಕೆ ಉತ್ತಮ ನಿದರ್ಶನ.

‘ಜಿಹಾದ್’ ಶಬ್ದದ ಧಾತ್ವರ್ಥ ಶ್ರಮಪಡುವುದು. ೩೧ನೆಯ ಅಧ್ಯಾಯದ ೧೫ನೆಯ ವಾಕ್ಯದಲ್ಲಿ, ಮಗನನ್ನು ಬಹುದೇವತಾರಾಧನೆಗೆ ಎಳೆಯಲು ತಂದೆತಾಯಿಗಳು ಮಾಡುವ ಒತ್ತಾಯಕ್ಕೂ ಇದೇ ಕ್ರಿಯಾಪದ ಬಂದಿದೆ. ಶಾಸ್ತ್ರವಿಚಾರದಲ್ಲಿ ಸ್ವಂತ ಬುದ್ಧಿಯಿಂದ ಶ್ರಮಿಸಿ ನಿರ್ಣಯ ಮಾಡುವುದು ‘ಇಜ್ತಿಹಾದ್’. ಅದೂ ಇದೇ ಧಾತುವಿನದು. ಯುದ್ಧಕ್ಕೆ ‘ಹರ್ಬ್’, ‘ಕಿತಾಲ್’ ಎಂಬ ಬೇರೆ ಶಬ್ದಗಳಿವೆ. ಹಾಗೆಂದು ಯುದ್ಧದ ಅರ್ಥವು ಇಲ್ಲಿ ಇಲ್ಲವೇ ಇಲ್ಲವೆನ್ನುವುದೂ ಸರಿಯಲ್ಲ. ನ್ಯಾಯಶಾಸ್ತ್ರ ಗ್ರಂಥಗಳಲ್ಲಿ ‘ಜಿಹಾದ್’ ಪ್ರಕರಣವು ಯುದ್ಧದ ವಿಧಿನಿಷೇಧಗಳನ್ನೇ ನಿರೂಪಿಸುತ್ತದೆ. ಯಾವ ಗ್ರಂಥದಲ್ಲಿ, ಯಾವ ಸಂದರ್ಭದಲ್ಲಿ ಶಬ್ದವು ಬಂದಿದೆಯೆಂಬುದನ್ನು ನೋಡದೆ ಒಂದೇ ಅರ್ಥವನ್ನು ಎಲ್ಲೆಡೆಗೂ ಹೊಂದಿಸುವುದು ಎರಡು ಪಕ್ಷಗಳಲ್ಲಿಯೂ ಕಂಡುಬರುವ ದೋಷ.

ಈ ಶಬ್ದಗಳೆಲ್ಲ ಅರಬ್ಬೀ ಮೂಲದವೇ ಎಂಬ ಪ್ರಶ್ನೆಯನ್ನು ಮುಸ್ಲಿಂ ವಿದ್ವಾಂಸರೇ ಬಹು ಹಿಂದೆ ಎತ್ತಿದ್ದರು. ಕುರ್‌ಆನ್ ತನ್ನನ್ನು ಸ್ಪಷ್ಟವಾದ ಅರಬ್ಬೀ ನುಡಿಯೆಂದು ಹೇಳಿಕೊಳ್ಳುವುದರಿಂದ ಅದರಲ್ಲಿ ಅನ್ಯಭಾಷೆಯ ಪದವಿಲ್ಲವೆಂದು, ೮೨೦ರಲ್ಲಿ ತೀರಿಕೊಂಡ ಇಮಾಂ ಶಾಫಿಈ ವಾದಿಸಿದರು. ೯ನೆಯ ಶತಮಾನದ ನಿಘಂಟುಕಾರ ಅಬೂ ಉಬೈದರು ಮಧ್ಯಮ ಮಾರ್ಗವನ್ನು ಹಿಡಿದರು: ಮೂಲದಲ್ಲಿ ಪರಕೀಯವಾದರೂ ಅರಬ್ಬರ ನಾಲಗೆಯಲ್ಲಿ ಪಳಗಿ, ಕುರ್‌ಆನಿನ ಕಾಲಕ್ಕೆ ಅರಬ್ಬೀಯೇ ಆಗಿಹೋದ ಶಬ್ದಗಳು ಅವು. ಕನ್ನಡ ವೈಯಾಕರಣರ ತದ್ಭವ ವಿಚಾರವನ್ನು ಬಲ್ಲವರಿಗೆ ಈ ನಿಲುವು ಅಪರಿಚಿತವೆನಿಸದು. ೧೫೦೫ರಲ್ಲಿ ಮಡಿದ ಸುಯೂತಿ ಇಂಥ ಪದಗಳ ಪಟ್ಟಿಗಳನ್ನೇ ರಚಿಸಿದನು. ಆಧುನಿಕ ಕಾಲದಲ್ಲಿ ಆರ್ಥರ್ ಜೆಫ್ರಿಯವರು ಈ ವಿಷಯವಾಗಿ ಬರೆದ ಪ್ರಸಿದ್ಧ ಗ್ರಂಥವು ೧೯೩೮ರಲ್ಲಿ ಬರೋಡೆಯ ಪ್ರಾಚ್ಯವಿದ್ಯಾ ಸಂಸ್ಥೆಯಿಂದ ಪ್ರಕಟವಾಯಿತು.

ಕೆಲವು ನಿದರ್ಶನಗಳನ್ನು ನೋಡಬಹುದು. ‘ಸಲಾತ್’, ‘ಜಕಾತ್’ ಎರಡನ್ನೂ ಕುರ್‌ಆನಿನ ಪ್ರಾಚೀನ ಲೇಖನಕ್ರಮದಲ್ಲಿ, ಉಚ್ಚಾರಣೆಗೆ ಹೊಂದದ ‘ವಾವ್’ ಅಕ್ಷರವನ್ನಿಟ್ಟು ಬರೆಯುತ್ತಾರೆ. ಇದನ್ನು ವಿದ್ವಾಂಸರು ಅರಮಾಯಿಕ್ ಭಾಷೆಯ ರೂಪಗಳೊಡನೆ ಸಂಬಂಧಿಸುತ್ತಾರೆ. ‘ಜಹನ್ನಂ’ ಎಂಬ ನರಕನಾಮವು ಜೆರುಸಲೇಮಿನ ಬಳಿಯ ಹಿನ್ನೋಂ ಕಣಿವೆಯ ಹೀಬ್ರೂ ಹೆಸರಿನಿಂದ ಹೊರಟಿದೆ. ಸ್ವರ್ಗವಾಚಕವಾದ ‘ಫಿರ್ದೌಸ್’ ಪ್ರಾಚೀನ ಇರಾನೀ ಭಾಷೆಯಲ್ಲಿ ಸುತ್ತುಗೋಡೆಯ ತೋಟವೆಂಬರ್ಥದ ಪದದಿಂದ ಬಂದುದು. ಸನ್ಮಾರ್ಗವೆಂಬರ್ಥದಲ್ಲಿ ನಿತ್ಯವೂ ಪಠಿತವಾಗುವ ‘ಸಿರಾತ್’ ಲ್ಯಾಟಿನ್ನಿನ ‘ಸ್ತ್ರಾತ’, ಎಂದರೆ ಕಲ್ಲು ಹಾಸಿದ ರಾಜಮಾರ್ಗ, ಎಂಬುದರ ರೂಪಾಂತರ. ವ್ಯಾಪಾರಿಗಳೂ ಯಾತ್ರಿಕರೂ ಕ್ರೈಸ್ತ, ಯಹೂದಿ ನೆರೆಹೊರೆಯವರೂ ತಂದ ನುಡಿಗಳಿವು. ಆದರೆ ‘ಸಿರಾತ್’ ಎಂದಾಗ ಯಾವ ಮುಸ್ಲಿಮನಿಗೂ ರೋಮಿನ ರಸ್ತೆ ನೆನಪಾಗುವುದಿಲ್ಲ. ಮೂಲವು ಶಬ್ದದ ಪ್ರಯಾಣವನ್ನು ತಿಳಿಸುತ್ತದೆ. ಅದು ತಲಪಿದ ನೆಲೆಯನ್ನಲ್ಲ.

ಆ ಪ್ರಯಾಣವು ಅರೇಬಿಯಾದಲ್ಲಿಯೇ ನಿಲ್ಲಲಿಲ್ಲ. ದಖ್ಖನಿನಲ್ಲಿ ಪಾರಸಿಯು ಬಹಮನಿ ಮತ್ತು ಆದಿಲಶಾಹಿ ದರ್ಬಾರುಗಳ ಭಾಷೆಯಾಗಿದ್ದಿತು. ಕನ್ನಡ ನಾಡಿನಲ್ಲಿ ಪ್ರಚುರವಾದ ‘ನಮಾಜು’, ‘ರೋಜಾ’, ‘ಪೈಗಂಬರ್’ ಶಬ್ದಗಳು ಅರಬ್ಬೀ ಅಲ್ಲ, ಪಾರಸಿ. ‘ನಮಾಜು’ ಎಂಬುದು ಸಂಸ್ಕೃತದ ‘ನಮಸ್’ ಶಬ್ದಕ್ಕೆ ಜ್ಞಾತಿ. ಕಡಲತೀರದ ಬ್ಯಾರಿ ಮುಸ್ಲಿಮರಲ್ಲಿಯೂ ಕೇರಳದ ಮಾಪ್ಪಿಳ್ಳೆಗಳಲ್ಲಿಯೂ ಇವೇ ವಿಧಿಗಳಿಗೆ ‘ನಿಸ್ಕಾರ’, ‘ನೋಂಬು’ ಎಂಬ ಹೆಸರುಗಳಿವೆ. ಎರಡನೆಯದು ಹಳಗನ್ನಡದ ‘ನೋಂಪಿ’ಯ ಬಳಗದ್ದು. ಸಲಾತ್, ನಮಾಜು, ನಿಸ್ಕಾರ ಎಂಬ ಮೂರು ಹೆಸರುಗಳ ಮೂಲ ಬೇರೆಬೇರೆ, ಶಾಸ್ತ್ರಾರ್ಥವು ಒಂದೇ. ಇದಕ್ಕೆ ವಿಪರ್ಯಯವಾಗಿ, ‘ಹಕ್ಕು’ ಮತ್ತು ‘ವಕೀಲ’ ಎಂಬ ನಮ್ಮ ದಿನಬಳಕೆಯ ಮಾತುಗಳು ಅರಬ್ಬೀಯಲ್ಲಿ ದೇವರ ನಾಮಗಳೂ ಹೌದು: ‘ಅಲ್-ಹಕ್’ ಸತ್ಯಸ್ವರೂಪಿ, ‘ಅಲ್-ವಕೀಲ್’ ಸಕಲ ಭಾರವನ್ನೂ ಹೊತ್ತವನು. ಕಚೇರಿಗೆ ಬಂದ ಮೇಲೆ ಅವುಗಳ ಧಾರ್ಮಿಕ ಅರ್ಥ ಕಳಚಿತು.

ಇದರಿಂದ ಕನ್ನಡ ಲೇಖಕರಿಗೂ ಅನುವಾದಕರಿಗೂ ಒದಗುವ ಸೂಚನೆ ಸರಳವಾದುದು. ಮುಖ್ಯ ಪಾರಿಭಾಷಿಕ ಶಬ್ದಗಳನ್ನು ಮೂಲರೂಪದಲ್ಲಿಯೇ ಉಳಿಸಿಕೊಂಡು, ಮೊದಲ ಪ್ರಯೋಗದಲ್ಲಿ ಅವುಗಳ ಧಾತ್ವರ್ಥವನ್ನೂ ಶಾಸ್ತ್ರಾರ್ಥವನ್ನೂ ಬೇರ್ಪಡಿಸಿ ಹೇಳುವುದು ಲೇಸು. ‘ಧರ್ಮ’, ‘ಕರ್ಮ’, ‘ನಿರ್ವಾಣ’ಗಳನ್ನು ಅನ್ಯಭಾಷೆಗಳವರು ಹಾಗೆಯೇ ಉಳಿಸಿಕೊಳ್ಳಬೇಕೆಂದು ನಾವು ಬಯಸುತ್ತೇವೆ. ಶತಮಾನಗಳಿಂದ ನೆರೆಯಲ್ಲಿ ಬಾಳಿದವರ ಧರ್ಮದ ಶಬ್ದಗಳಿಗೂ ಅಷ್ಟೇ ಎಚ್ಚರವನ್ನು ತೋರುವುದು ವಿದ್ವತ್ತಿಗೆ ಉಚಿತವಾದ ನಡೆ.