ತಂತಿಯ ಕೆಳಗಿನ ಒಣಹುಲ್ಲು

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ‘ಯಾರೋ ಬೀಡಿ ಎಸೆದಿರಬೇಕು’ ಎನ್ನುತ್ತೇವೆ. ಅನೇಕ ಸಲ ಅದು ನಿಜವೂ ಹೌದು. ಆದರೆ ಕಿಡಿ ಮೇಲಿನಿಂದಲೂ ಬೀಳಬಹುದು. 2018ರ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಗೋಪುರವೊಂದರ ಸವೆದ ಕೊಂಡಿ ಮುರಿದು ಹೊತ್ತಿದ ಕಾಳ್ಗಿಚ್ಚಿಗೆ 85 ಜನ ಬಲಿಯಾದರು.

ರಾಯಚೂರು ಜಿಲ್ಲೆಯಲ್ಲಿ ಅಂಥ ದಟ್ಟ ಕಾಡಿಲ್ಲ, ನಿಜ. ಆದರೆ ದೇವದುರ್ಗದ ಕುರುಚಲು ಗುಡ್ಡಗಳಲ್ಲಿ, ಮಾನ್ವಿಯ ಹೊಲದಂಚಿನ ಬಳ್ಳಾರಿ ಜಾಲಿಯಲ್ಲಿ ಒಣಹುಲ್ಲಿಗೆ ಕೊರತೆಯಿಲ್ಲ. ಅದು ಉರಿದರೆ ಹೋಗುವುದು ಕುರಿ-ದನಗಳ ಮೇವು, ಎಳೆಯ ಸಸಿಗಳು, ಕೆಲವೊಮ್ಮೆ ಪಕ್ಕದ ಬಣವೆ.

ಕಿಡಿ ಹುಟ್ಟುವುದು ಹೇಗೆ? ಲೋಹ ಕಾದರೆ ಹಿಗ್ಗುತ್ತದೆ. ನಲವತ್ತು ಡಿಗ್ರಿ ಬಿಸಿಲು, ಜೊತೆಗೆ ಪಂಪ್‌ಸೆಟ್ಟುಗಳ ಹೊರೆ; ಎರಡೂ ಸೇರಿ ತಂತಿ ಜೋತು ಬೀಳುತ್ತದೆ. ಆಗ ಕೆಳಗಿನ ಕೊಂಬೆ ಅದಕ್ಕೆ ತಾಗಬಹುದು. ಗಾಳಿಗೆ ಎರಡು ತಂತಿಗಳು ಬಡಿದರೆ ಕರಗಿದ ಅಲ್ಯೂಮಿನಿಯಂ ಹನಿಗಳು ಹುಲ್ಲಿನ ಮೇಲೆ ಉದುರುತ್ತವೆ.

ಆದ್ದರಿಂದಲೇ ಕಾಡಿನಲ್ಲಿ ತಂತಿ ಹಾಯುವ ದಾರಿಗೆ ಅಗಲ ಗೊತ್ತುಮಾಡಿದ್ದಾರೆ: 11 ಕಿಲೋವೋಲ್ಟ್ ಮಾರ್ಗಕ್ಕೆ 7 ಮೀಟರ್, 33ಕ್ಕೆ 15, 220ಕ್ಕೆ 35. ಆದರೆ ಒಮ್ಮೆ ಕಡಿದರೆ ಸಾಲದು. ಜಾಲಿ ಬುಡದಿಂದಲೇ ಮತ್ತೆ ಚಿಗುರುತ್ತದೆ. ಪ್ರತಿವರ್ಷ ಶಿವರಾತ್ರಿಗೆ ಮೊದಲೇ ಕೊಂಬೆ ಸವರಿ, ಕಂಬಗಳ ಬುಡದ ಹುಲ್ಲು ಕೀಳಬೇಕು. ಸವರಿದ ಸೊಪ್ಪನ್ನು ಅಲ್ಲೇ ಬಿಟ್ಟರೆ ಅದೇ ಉರುವಲಾಗುತ್ತದೆ, ಸಾಗಿಸಲೇಬೇಕು. ಇದು ವಿದ್ಯುತ್ ಸಿಬ್ಬಂದಿ ಮತ್ತು ಅರಣ್ಯ ಇಲಾಖೆ ಕೂಡಿ ಮಾಡುವ ಕೆಲಸ. ನೀವಾಗಿ ತಂತಿಯ ಹತ್ತಿರದ ಕೊಂಬೆಗೆ ಕೊಡಲಿ ಹಾಕಬೇಡಿ.

ಹಾಗಾದರೆ ನೀವೇನು ಮಾಡಬಹುದು? ಜೋತ ತಂತಿ ಕಂಡರೆ 1912ಕ್ಕೆ ತಿಳಿಸಿ. ತಂತಿಯ ಕೆಳಗೆ ಬಣವೆ ಒಟ್ಟಬೇಡಿ, ಕೂಳೆ ಸುಡಬೇಡಿ. ಉರಿ-ಹೊಗೆಯ ಮೂಲಕವೂ ವಿದ್ಯುತ್ ಹಾರಬಲ್ಲದು.

ಇನ್ನೊಂದು ಮಾತು. ಕರೆಂಟು ಹೋದ ಕೂಡಲೇ ‘ಬೇಗ ಕೊಡಿ’ ಎಂದು ಲೈನ್‌ಮನ್‌ಗೆ ಒತ್ತಾಯ ಮಾಡುತ್ತೇವೆ. ಎಲ್ಲೋ ಕೊಂಬೆ ಬಿದ್ದಿದ್ದರೆ, ನೋಡದೆ ಹರಿಸಿದ ವಿದ್ಯುತ್ತು ಎರಡನೆಯ ಸಲ ಕಿಡಿ ಹಾರಿಸುತ್ತದೆ. ಒಣನೆಲದಲ್ಲಿ ವಿದ್ಯುತ್ ಸರಿಯಾಗಿ ಇಳಿಯದ ಕಾರಣ, ಹರಿದು ಬಿದ್ದ ತಂತಿಯಲ್ಲೂ ಅದು ಕಡಿತವಾಗದೆ ಉಳಿದಿರಬಹುದು. ಅಂಥ ತಂತಿಯ ಹತ್ತಿರ ಹೋಗಬೇಡಿ. ಬೆಂಕಿ ಹತ್ತಿದ್ದರೂ ವಿದ್ಯುತ್ ನಿಲ್ಲಿಸಿದ್ದು ಖಾತ್ರಿಯಾಗುವವರೆಗೆ ನೀರು ಎರಚಬೇಡಿ. 112ಕ್ಕೆ ಕರೆ ಮಾಡಿ.

ಮಾರ್ಗ ನೋಡಿಕೊಂಡು ಬರಲು ಲೈನ್‌ಮನ್‌ಗೆ ಅರ್ಧ ಗಂಟೆ ಬೇಕಾದರೆ ಕೊಡೋಣ. ಸುಟ್ಟ ಗುಡ್ಡದಲ್ಲಿ ಮತ್ತೆ ಮೇವು ಕಾಣಬೇಕಾದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು.